ಹಳೇ ಕೇಸ್ ಸರಣಿ, ಭಾಗ 6: ಮಕ್ಕಳು ಯಾರವರು ಅಂತ ಕೇಳಿದ ಕಾಲ

ಅಪ್ಪ ಅಮ್ಮ ಬೇರೆ ಆದ್ಮೇಲೆ ಮಗು ಯಾರ ಹತ್ರ ಇರಬೇಕು, ಇನ್ನೊಬ್ಬರು ಎಷ್ಟು ಹೊತ್ತು ಬಂದು ನೋಡಬಹುದು? ಇವತ್ತು ಇಂಥ ಕೇಸ್ ಬಂದರೆ ಕೋರ್ಟ್ ಮೊದಲು ಮಗುವಿನ ಹಿತ ನೋಡಬೇಕು. ಸುಮಾರು 190 ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಹಂಗಿರಲಿಲ್ಲ. ಮಕ್ಕಳು ಅಪ್ಪನವು. ಮಾತು ಮುಗೀತು.

1836ರ ಗ್ರೀನ್‌ಹಿಲ್ ಕೇಸ್ ತಗೊಳ್ಳಿ. ಗಂಡ ಇನ್ನೊಬ್ಬಳ ಜೊತೆ ಸಂಬಂಧ ಇಟ್ಕೊಂಡಿದ್ದ. ಹೆಂಡತಿ ಮೂರು ಪುಟ್ಟ ಹೆಣ್ಣುಮಕ್ಕಳನ್ನ ಕರ್ಕೊಂಡು ಬೇರೆ ಹೋದಳು. ಕೋರ್ಟ್ ಹೇಳಿದ್ದು: ಮಕ್ಕಳನ್ನ ಅಪ್ಪನಿಗೆ ಒಪ್ಪಿಸು. ಅಪ್ಪನಿಂದ ಮಕ್ಕಳಿಗೇ ಅಪಾಯ ಅಂತ ಗಟ್ಟಿಯಾಗಿ ತೋರಿಸಿದರೆ ಮಾತ್ರ ಕಾನೂನು ಅಡ್ಡ ಬರ್ತಿತ್ತು. ಹೆಂಡತಿಗೆ ಮಾಡಿದ ಮೋಸ ಆ ಲೆಕ್ಕಕ್ಕೇ ಸೇರಲಿಲ್ಲ. ಆ ಕೇಸ್ ಕೇಳಿದ ಲಾರ್ಡ್ ಡೆನ್ಮನ್ ಅವರೇ ಆಮೇಲೆ ಪಾರ್ಲಿಮೆಂಟಿನಲ್ಲಿ, ಈ ಕಾನೂನಿನ ಬಗ್ಗೆ ಜಡ್ಜುಗಳಿಗೇ ನಾಚಿಕೆ ಇದೆ ಅಂತ ಒಪ್ಕೊಂಡರು.

ಅದೇ ವರ್ಷ ಲೇಖಕಿ ಕ್ಯಾರೊಲಿನ್ ನಾರ್ಟನ್ ಅವರ ಮೂರು ಗಂಡುಮಕ್ಕಳನ್ನ ಗಂಡ ಜಾರ್ಜ್ ಎತ್ಕೊಂಡು ಹೋದ. ಅವನು ಹೆಂಡತಿಗೆ ಹೊಡೆಯುತ್ತಿದ್ದವನು. ಸಾಲದು ಅಂತ, ಆಗಿನ ಪ್ರಧಾನಿ ಲಾರ್ಡ್ ಮೆಲ್ಬರ್ನ್ ಜೊತೆ ಆಕೆಗೆ ಸಂಬಂಧ ಇದೆ ಅಂತ ಕೇಸ್ ಹಾಕಿದ. ಜೂರಿ ಅದನ್ನ ತಳ್ಳಿಹಾಕಿತು. ಕೇಸ್ ಸೋತರೂ ಮಕ್ಕಳು ಅವನ ಹತ್ರಾನೇ! ಡಿವೋರ್ಸೂ ಆಗಲಿಲ್ಲ, ಬೇರೆ ಬೇರೆ ಇದ್ದರು ಅಷ್ಟೆ.

ಕ್ಯಾರೊಲಿನ್ ಸುಮ್ಮನೆ ಕೂರಲಿಲ್ಲ. ಕರಪತ್ರ ಬರೆದು ಹಂಚಿದರು, ಟಾಲ್ಫರ್ಡ್ ಅನ್ನೋ ಸಂಸದರ ಮೂಲಕ ಮಸೂದೆ ತರಿಸಿದರು. 1839ರಲ್ಲಿ ಕಾನೂನು ಬಂತು: ಏಳು ವರ್ಷದೊಳಗಿನ ಮಕ್ಕಳನ್ನ ತನ್ನ ಹತ್ರ ಇಟ್ಕೊಳ್ಳೋಕೆ, ದೊಡ್ಡವರನ್ನ ನೋಡೋಕೆ ಅಮ್ಮ ಅರ್ಜಿ ಹಾಕಬಹುದು. ಆದರೆ ವ್ಯಭಿಚಾರ ಸಾಬೀತಾದ ತಾಯಿಗೆ ಇದಿಲ್ಲ. ನನಗೆ ಇಲ್ಲೇ ಸಿಟ್ಟು ಬರೋದು. ಅಮ್ಮನ ನಡತೆಗೆ ಇಷ್ಟು ದೊಡ್ಡ ತಕ್ಕಡಿ, ಅಪ್ಪನ ಕೈಯಲ್ಲಿ ಮಗು ಸೇಫಾ ಅನ್ನೋ ಪ್ರಶ್ನೆಗೆ ಒಂದು ಚಿಕ್ಕ ಮೂಲೆ.

ಜಾರ್ಜ್ ಏನು ಮಾಡಿದ ಗೊತ್ತಾ? ಮಕ್ಕಳನ್ನ ಸ್ಕಾಟ್ಲೆಂಡಿಗೆ ಕಳಿಸಿಬಿಟ್ಟಿದ್ದ. ಇಂಗ್ಲೆಂಡಿನ ಕಾನೂನು ಅಲ್ಲಿ ನಡೆಯಲ್ಲ. 1842ರಲ್ಲಿ ಕಿರಿಯ ಮಗ ವಿಲಿಯಂ ಕುದುರೆಯಿಂದ ಬಿದ್ದ. ಗಾಯ ಚಿಕ್ಕದು, ನೋಡಿಕೊಂಡವರಿಲ್ಲ, ನಂಜೇರಿತು. ಅಮ್ಮ ಓಡೋಡಿ ಬರುವಷ್ಟರಲ್ಲಿ ಮಗು ಹೋಗಿಬಿಟ್ಟಿತ್ತು. ಅದಾದ ಮೇಲೆ ಉಳಿದ ಇಬ್ಬರ ವಿಷಯದಲ್ಲಿ ಅವನು ಸ್ವಲ್ಪ ಸಡಿಲ ಆದ.

ಇಂಗ್ಲೆಂಡಿನಲ್ಲಿ ಮಗುವಿನ ಹಿತವೇ ಎಲ್ಲಕ್ಕಿಂತ ಮೊದಲು ಅಂತ ಕಾನೂನಿನಲ್ಲಿ ಬರೆಯೋಕೆ 1925ರ ತನಕ ಬೇಕಾಯ್ತು.

ನಮ್ಮಲ್ಲಿ? ಬಿಕಾಂನಲ್ಲಿ ನಾವು ಉರು ಹೊಡೆಯೋ ಕಾಂಟ್ರಾಕ್ಟ್ ಆಕ್ಟ್ 1872ರದ್ದಲ್ವಾ, ಅದೇ ಬ್ರಿಟಿಷರು 1890ರಲ್ಲಿ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್ ತಂದರು. ಅದರಲ್ಲಿ ಮಗುವಿನ ಹಿತದ ಮಾತು ಇತ್ತು. ಆದರೂ ಅಪ್ಪ ಬದುಕಿದ್ದು ಅಯೋಗ್ಯ ಅಲ್ಲದಿದ್ದರೆ ಕೋರ್ಟ್ ಬೇರೆ ಪೋಷಕರನ್ನ ನೇಮಿಸೋ ಹಾಗಿರಲಿಲ್ಲ. ಆ ಸಾಲಿಗೆ 'ತಾಯಿ' ಅನ್ನೋ ಪದ ಸೇರಿದ್ದು 2010ರಲ್ಲಿ!

ಅದಕ್ಕಿಂತ ಮುಂಚೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸೆಕ್ಷನ್ 21 ಬಂದಿತ್ತು. ದೌರ್ಜನ್ಯದ ದೂರು ಇರುವ ವ್ಯಕ್ತಿ ಬಂದು ನೋಡೋದರಿಂದ ಮಗುವಿಗೆ ಹಾನಿ ಆಗಬಹುದು ಅಂತ ಮ್ಯಾಜಿಸ್ಟ್ರೇಟ್‌ಗೆ ಅನಿಸಿದರೆ, ಆ ಭೇಟಿ ನಿರಾಕರಿಸಲೇಬೇಕು. ನಿರಾಕರಿಸಬಹುದು ಅಂತಲ್ಲ, ನಿರಾಕರಿಸಲೇಬೇಕು.

ಮುಂದಿನ ಭಾಗ: ಕ್ಯಾರೊಲಿನ್ ಪುಸ್ತಕ ಬರೆದು ದುಡಿದ ದುಡ್ಡೂ ಗಂಡನದ್ದೇ ಹೇಗಾಯ್ತು 📚