ಮುಖ ನಮ್ದು, ಫೋಟೊ ಯಾರ್ದು?



ತಳಕು ಕಡೆಯ ನಮ್ಮ ಹುಡುಗನೊಬ್ಬ ಮೊನ್ನೆ ಫೋನ್ ಮಾಡಿದ್ದ. ಗೌರಸಮುದ್ರದ ಮಾರಮ್ಮನ ಜಾತ್ರೇಲಿ ಉರುಮೆ ಬಾರಿಸ್ತಿದ್ದ ತನ್ನ ತಾತನ ಫೋಟೊನ ಮೊಬೈಲಲ್ಲಿ ಹೊಡೆದಿದ್ದಾನೆ. ಅದು ಯಾವುದೋ ಕಂಪನಿಯ ಕ್ಯಾಲೆಂಡರಿಗೆ ಬೇಕಂತೆ. "ಅಣ್ಣಾ, ಎರಡು ಸಾವಿರ ಕೊಡ್ತಾರೆ, ಎಲ್ಲಾ ಹಕ್ಕು ನಿಮ್ದೇ ಅಂತ ಬರೆದುಕೊಡು ಅಂತಾರೆ. ಕೊಡ್ಲಾ?" ಅಂದ. "ತಡಿಯಪ್ಪ" ಅಂದೆ.

ಯಾಕೆ ತಡಿ ಅಂದೆ ಅನ್ನೋದಕ್ಕೆ ಒಂದು ಚರಿತ್ರೆ ಇದೆ.

1868ರಿಂದ 1875ರವರೆಗೆ ಲಂಡನ್‌ನಲ್ಲಿ 'ದಿ ಪೀಪಲ್ ಆಫ್ ಇಂಡಿಯಾ' ಅನ್ನೋ ಎಂಟು ಸಂಪುಟ ಅಚ್ಚಾದವು. ಅದರಲ್ಲಿ ನಾನೂರಕ್ಕೂ ಹೆಚ್ಚು ಫೋಟೊ. ತೆಗೆದವರಲ್ಲಿ ಹೆಚ್ಚಿನವರು ವೃತ್ತಿಯ ಫೋಟೊಗ್ರಾಫರುಗಳಲ್ಲ. ಹವ್ಯಾಸಕ್ಕೆ ಕ್ಯಾಮೆರಾ ಹಿಡಿದ ಬ್ರಿಟಿಷ್ ಸೇನಾಧಿಕಾರಿಗಳು, ಸಿವಿಲ್ ಅಧಿಕಾರಿಗಳು. ಮೊದಲು ಅದು ಗವರ್ನರ್ ಜನರಲ್ ಕ್ಯಾನಿಂಗ್ ದಂಪತಿಯ ಖಾಸಗಿ ಸಂಗ್ರಹದ ಆಸೆ. ಆಮೇಲೆ ಸರ್ಕಾರಿ ಯೋಜನೆ. ಕೊನೆಗೆ ಒಂದಷ್ಟು ಪ್ರತಿ ಮಾರಾಟಕ್ಕೂ ಬಂತು. ಚಿತ್ರದಲ್ಲಿ ನಿಂತ ಬಹುತೇಕರಿಗೆ ಹೆಸರಿಲ್ಲ. ಹೆಸರಿನ ಜಾಗದಲ್ಲಿ ಜಾತಿ, ಬುಡಕಟ್ಟು.

1888ರಲ್ಲಿ ಕೊಡಾಕ್ ಬಂತು. 1900ರಲ್ಲಿ ಒಂದು ಡಾಲರಿನ ಬ್ರೌನಿ ಕ್ಯಾಮೆರಾ ಬಂತು. ಅಮೆರಿಕದಲ್ಲಿ ಮಕ್ಕಳ ಕೈಗೂ ಕ್ಯಾಮೆರಾ ಸಿಕ್ಕಿತು. ನಮ್ಮ ಕೇರಿಗಳಲ್ಲಿ ಎಷ್ಟೋ ಜನರ ಮೊದಲ ಫೋಟೊ ಪರೀಕ್ಷೆಯ ಹಾಲ್ ಟಿಕೆಟ್ಟಿಗೆ, ರೇಷನ್ ಕಾರ್ಡಿಗೆ ತೆಗೆಸಿದ್ದು. ಕ್ಯಾಮೆರಾದ ಹಿಂದೆ ನಾವು ನಿಂತಿದ್ದು ಮೊಬೈಲ್ ಬಂದ ಮೇಲೆ.

ಹಿಂದೆ ನಿಂತವನಿಗೇ ಕಾನೂನು ಒಡೆತನ ಕೊಡುತ್ತೆ, ಇದು ತಿಳಿದಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಇಂಥ ಫೋಟೊದ ಮೊದಲ ಮಾಲೀಕ ತೆಗೆದವನೇ. ತೆಗೆದವನು ಬದುಕಿರುವವರೆಗೂ, ಅವನು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷವೂ ಆ ಹಕ್ಕು ಇರುತ್ತೆ. ಹಕ್ಕನ್ನು ವರ್ಗಾಯಿಸಬೇಕಾದರೆ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಅಂತ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ ಅಂತ ಲೆಕ್ಕ. ಹಕ್ಕು ಮಾರಿದ ಮೇಲೂ 'ಇದು ನಾನು ತೆಗೆದದ್ದು' ಅಂತ ಹೇಳಿಕೊಳ್ಳುವ ಹಕ್ಕು ಹೋಗಲ್ಲ. ಪೂರ್ತಿ ಮಾರಲೇಬೇಕು ಅಂತಿಲ್ಲ: 'ಈ ವರ್ಷದ ಕ್ಯಾಲೆಂಡರಿಗೆ ಮಾತ್ರ' ಅಂತ ಪರವಾನಗಿ ಕೊಟ್ಟರೂ ಸಾಕು.

ಇಷ್ಟೆಲ್ಲ ಹೇಳಿ ಕೊನೆಗೆ ಕೇಳಿದೆ, "ತಾತನ್ನ ಕೇಳಿದ್ಯೇನೋ?" ಆ ಕಡೆ ಸದ್ದಿಲ್ಲ. ಆಮೇಲೆ "ಇಲ್ಲಣ್ಣ" ಅಂದ.

ಅಲ್ಲೇ ಇರೋದು ನೋಡಿ ವಿಷಯ. ಅಂದು ಸಾಹೇಬ ಕೇಳಲಿಲ್ಲ, ಇಂದು ಮೊಮ್ಮಗನೂ ಕೇಳಲಿಲ್ಲ. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮುಖ ತಾತಂದು, ಉರುಮೆಯೂ ತಾತಂದು. ಕಾನೂನು ಹೇಳಲಿ ಬಿಡಲಿ, ಒಪ್ಪಿಗೆ ಅವರದ್ದೂ ಬೇಕು, ದುಡ್ಡಿನಲ್ಲಿ ಪಾಲೂ ಬೇಕು.

ಹಾಗಾಗಿ ತಮ್ಮಂದಿರೇ, ತಂಗಿಯರೇ, ಫೋಟೊ ಮಾರಿ, ತಪ್ಪಿಲ್ಲ. ಎಲ್ಲಿಗೆ, ಎಷ್ಟು ದಿನಕ್ಕೆ, ಎಷ್ಟು ದುಡ್ಡಿಗೆ ಅಂತ ಬರೆಸಿಕೊಳ್ಳಿ. ಕೆಳಗೆ ಎರಡು ಹೆಸರು ಹಾಕಿಸಿ: ತೆಗೆದವರದ್ದು, ಚಿತ್ರದಲ್ಲಿ ಇರುವವರದ್ದು. ಜಾತಿಯ ಹೆಸರಲ್ಲ, ಅವರ ಹೆಸರು.

ಜೈ ಭೀಮ್.