ಗಟಾರದಿಂದ ಶುರುವಾಗಬೇಕಾದ ಲೆಕ್ಕ: ಕೊಪ್ಪಳ ಸೀಮೆಯ ಕುಡಿಯುವ ನೀರು ಮತ್ತು ಒಳಚರಂಡಿ

2023ರ ಬೇಸಿಗೆ ಮುಗಿಯುವ ಹೊತ್ತಿಗೆ ಕನಕಗಿರಿ ತಾಲ್ಲೂಕಿನ ಬಸರಿಹಾಳ, ಕುಷ್ಟಗಿ ತಾಲ್ಲೂಕಿನ ಬಿಜಕಲ್ ಗ್ರಾಮಗಳಲ್ಲಿ ವಾಂತಿಭೇದಿ ಹರಡಿ ಜೀವಗಳು ಹೋದವು. ಕಲುಷಿತ ನೀರೇ ಕಾರಣವೆಂದು ಊರವರು ದೂರಿದರು. ತುಂಗಭದ್ರಾ ಜಲಾಶಯವನ್ನು ಮಗ್ಗುಲಲ್ಲೇ ಇಟ್ಟುಕೊಂಡ ಜಿಲ್ಲೆಯಿದು. ಇಲ್ಲಿ ನೀರಿನ ಮೂಲದ ಬಗ್ಗೆ ಆಗಿರುವಷ್ಟು ಚರ್ಚೆ, ಬಳಸಿದ ನೀರು ಎಲ್ಲಿ ಹೋಗುತ್ತದೆ ಎಂಬುದರ ಬಗ್ಗೆ ಆಗಿಲ್ಲ. ಯೋಜನೆಯ ಲೆಕ್ಕ ಗಟಾರದ ಕಡೆಯಿಂದ ಶುರುವಾಗಬೇಕು ಎಂಬುದು ಈ ಲೇಖನದ ವಾದ.

ಕೆಡುಕಿನ ದಾರಿ ಸರಳವಾದದ್ದು. ನೀರು ಬಿಡುವ ದಿನಗಳ ನಡುವೆ ಪೈಪು ಖಾಲಿಯಿರುತ್ತದೆ, ಒಳಗಿನ ಒತ್ತಡ ಇಳಿದಿರುತ್ತದೆ. ಪಕ್ಕದಲ್ಲಿ ಚರಂಡಿ ಹರಿಯುತ್ತಿದ್ದರೆ ಸಡಿಲವಾದ ಜಾಯಿಂಟಿನಿಂದ ಕೊಳೆ ಒಳಗೆ ಜಿನುಗುತ್ತದೆ. ಮತ್ತೆ ವಾಲ್ವ್ ತಿರುಗಿಸಿದಾಗ ಮೊದಲು ಬರುವುದು ಅದೇ. ಹುಬ್ಬಳ್ಳಿ–ಧಾರವಾಡದಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ನಡೆದಾಗ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎರಡೂ ಬಗೆಯ ನಲ್ಲಿಗಳ ನೀರನ್ನು ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ, ಬಿಟ್ಟುಬಿಟ್ಟು ಬರುವ ನಲ್ಲಿಗಳ ಮಾದರಿಗಳಲ್ಲಿ ಶೇ. 31.7ರಷ್ಟರಲ್ಲಿ, ಮಲ ಬೆರೆತದ್ದನ್ನು ಸೂಚಿಸುವ ಇ-ಕೋಲಿ ಬ್ಯಾಕ್ಟೀರಿಯಾ ಇತ್ತು; ನಿರಂತರ ಪೂರೈಕೆಯ ಮಾದರಿಗಳಲ್ಲಿ ಶೇ. 0.7ರಷ್ಟರಲ್ಲಿ ಮಾತ್ರ. ಮನೆಗೆ ಬರುವ ನೀರಿನ ಗುಣವನ್ನು ದಾರಿಯೇ ಎಷ್ಟರಮಟ್ಟಿಗೆ ಕೆಡಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪುರಾವೆ ಬೇಕಿಲ್ಲ.

ಈಗ ಕೊಪ್ಪಳ ನಗರದ ಲೆಕ್ಕ. 2011ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ ಸುಮಾರು 70 ಸಾವಿರ. ಒಳಚರಂಡಿಯಿರುವ ಪಟ್ಟಣಕ್ಕೆ ತಲೆಗೆ ದಿನಕ್ಕೆ 135 ಲೀಟರ್, ಇಲ್ಲದ ಪಟ್ಟಣಕ್ಕೆ 70 ಲೀಟರ್ ಎಂಬುದು ಕೇಂದ್ರದ 1999ರ ಮಾನದಂಡವಾಗಿತ್ತು. ಮೊದಲ ಅಳತೆಯಲ್ಲಿ ಪೂರೈಸಿದರೆ ದಿನಕ್ಕೆ 94 ಲಕ್ಷ ಲೀಟರಿಗೂ ಹೆಚ್ಚು ನೀರು ಬೇಕು. ಅದರಲ್ಲಿ ಶೇ. 80ರಷ್ಟು, ಅಂದರೆ ಸುಮಾರು 75 ಲಕ್ಷ ಲೀಟರ್, ಕೊಳಚೆಯಾಗಿ ಹೊರಬೀಳುತ್ತದೆ. ಜನ ಹೆಚ್ಚಿರುವ ಇಂದು ಈ ಅಂಕಿ ಇನ್ನೂ ದೊಡ್ಡದು. ಹೀಗಾಗಿ ಒಳಚರಂಡಿಯಿಲ್ಲದ ಬಡಾವಣೆಗೆ ಹೆಚ್ಚು ನೀರು ಹರಿಸುವುದೆಂದರೆ ಆ ಬೀದಿಯ ಕೊಳಚೆಯನ್ನೂ ಹೆಚ್ಚಿಸಿದಂತೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಉತ್ತರ ಕರ್ನಾಟಕದ 25 ಪಟ್ಟಣಗಳಲ್ಲಿ ಕೈಗೊಂಡ ಯೋಜನೆಯಲ್ಲಿ ಕೊಪ್ಪಳ, ಗಂಗಾವತಿ ಎರಡೂ ಇದ್ದವು. ಆದರೆ ಬೀದಿಯಲ್ಲಿ ಕೊಳವೆ ಹೂತರಷ್ಟೇ ಸಾಲದು. ಮನೆಯ ಬಚ್ಚಲಿನಿಂದ ಮ್ಯಾನ್‌ಹೋಲಿನವರೆಗಿನ ಕೊನೆಯ ಕೆಲವು ಅಡಿಗಳ ಜೋಡಣೆ ಆಗದಿದ್ದರೆ ಶುದ್ಧೀಕರಣ ಘಟಕಕ್ಕೆ ಕೊಳಚೆಯೇ ತಲುಪುವುದಿಲ್ಲ.

ಕುಷ್ಟಗಿ, ಯಲಬುರ್ಗಾದ ಕಷ್ಟ ಬೇರೆ. ಅಲ್ಲಿನ ಗಟ್ಟಿ ಕಲ್ಲಿನ ಪದರಗಳಿಂದ ಫ್ಲೋರೈಡ್ ಕೊಳವೆಬಾವಿಗೆ ಇಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಇದಕ್ಕೆಂದು ಊರೂರಲ್ಲಿ ಆರ್‌ಓ ಘಟಕಗಳು ಬಂದವು. ಇವು ಹೊರಚೆಲ್ಲುವ ನೀರಿನಲ್ಲಿ ಫ್ಲೋರೈಡ್ ಇನ್ನಷ್ಟು ದಟ್ಟವಾಗಿರುತ್ತದೆ. ಅದು ಪಕ್ಕದ ಗಟಾರಕ್ಕೆ ಬಿದ್ದರೆ ಮತ್ತೆ ಅದೇ ನೆಲಕ್ಕೆ ಇಂಗುತ್ತದೆ. ಘಟಕ ಮಂಜೂರು ಮಾಡುವಾಗಲೇ ಈ ತ್ಯಾಜ್ಯ ನೀರಿಗೂ ಜಾಗ ಗೊತ್ತುಮಾಡಬೇಕು.

ಪಟ್ಟಣ ಪಂಚಾಯಿತಿಯಾಗಿರುವ ಕನಕಗಿರಿಯಂಥ ಊರಿಗೆ ಪೂರ್ಣ ಒಳಚರಂಡಿ ದುಬಾರಿ. ಅದಕ್ಕಾಗಿ ಕಾಯುತ್ತ ಕೂರುವ ಅಗತ್ಯವೂ ಇಲ್ಲ. ದೇವನಹಳ್ಳಿಯಲ್ಲಿ 2015ರಲ್ಲಿ, ಇಡೀ ಪಟ್ಟಣದ ಶೌಚಗುಂಡಿಗಳ ಕೆಸರನ್ನು ಸಂಸ್ಕರಿಸುವ ದೇಶದ ಮೊದಲ ಘಟಕ ಶುರುವಾಯಿತು. ಅದರ ಸಾಮರ್ಥ್ಯ ದಿನಕ್ಕೆ 6 ಸಾವಿರ ಲೀಟರ್. ಸಕ್ಕಿಂಗ್ ಗಾಡಿ ಹೊತ್ತು ತಂದದ್ದನ್ನು ಕೊಳೆಸಿ, ಒಣಗಿಸಿ, ಗೊಬ್ಬರದ ರೂಪಕ್ಕೆ ತರುವ ಕ್ರಮ ಅಲ್ಲಿಯದು. ಗಾಡಿ ಹಳ್ಳದ ದಂಡೆಯಲ್ಲಿ ಖಾಲಿಯಾಗುವುದನ್ನು ತಡೆಯಲು ಮಾಡಬೇಕಾದ ಮೊದಲ ಕೆಲಸ ಇಂಥ ಘಟಕ ಕಟ್ಟುವುದು.

ಸಂಸ್ಕರಿಸಿದ ಕೊಳಚೆ ನೀರಿನ ಮರುಬಳಕೆಗೆ ಕೋಲಾರದ ಅನುಭವ ಕಣ್ಣ ಮುಂದಿದೆ. ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಇಳಿಯಿತು. ಮರುತಿಂಗಳೇ ನೊರೆ ಎದ್ದು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಬತ್ತಿದ ಕೆರೆಗಳು ತುಂಬಿದ್ದು ನಿಜ. ಎರಡನೇ ಹಂತಕ್ಕೇ ನಿಲ್ಲುವ ಸಂಸ್ಕರಣೆ ಸಾಕೇ ಎಂಬ ರೈತರ ಆತಂಕವೂ ನಿಜ. ಕೊಪ್ಪಳಕ್ಕೆ ಇದಕ್ಕಿಂತ ಸುಲಭದ ದಾರಿಯಿದೆ. ಗಿಣಿಗೇರಾ ಸುತ್ತಲಿನ ಉಕ್ಕು ಮತ್ತು ಕಬ್ಬಿಣದ ಕಾರ್ಖಾನೆಗಳಲ್ಲಿ ಯಂತ್ರ ತಣಿಸಲು ಕುಡಿಯುವ ನೀರೇ ಬೇಕೆಂದಿಲ್ಲ. ನಗರದ ಸಂಸ್ಕರಿತ ನೀರು ಅಲ್ಲಿಗೆ ಹೋದರೆ, ಅಷ್ಟು ನೀರು ಜಲಾಶಯದಲ್ಲಿ ಉಳಿಯುತ್ತದೆ. ರಾಜ್ಯದ 2017ರ ನಗರ ತ್ಯಾಜ್ಯನೀರು ಮರುಬಳಕೆ ನೀತಿ ಇದಕ್ಕೆ ಆಧಾರವಾಗಬಲ್ಲದು.

ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ 2019ರಲ್ಲಿ ಮುಂದೆ ನಿಂತಾಗ ಸಾವಿರಾರು ಜನ ಹಿರೇಹಳ್ಳಕ್ಕೆ ಇಳಿದು ಜಾಲಿ ಕಿತ್ತರು, ಹೂಳೆತ್ತಿದರು. ಜನ ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ಆ ಹಳ್ಳ ಸೇರುವುದು ತುಂಗಭದ್ರೆಯನ್ನೇ. ಆದ್ದರಿಂದ ನಗರಸಭೆ ಮತ್ತು ಗ್ರಾಮ ಪಂಚಾಯಿತಿಗಳು ಹಳ್ಳಕ್ಕೆ ಬಾಯಿ ತೆರೆದ ಪ್ರತಿ ಗಟಾರವನ್ನೂ ಗುರುತಿಸಿ ನಕ್ಷೆ ಮಾಡಬೇಕು, ಯಾವುದರಲ್ಲಿ ದಿನಕ್ಕೆ ಎಷ್ಟು ಕೊಳಚೆ ಹರಿಯುತ್ತದೆಂದು ಅಳೆಯಬೇಕು, ಮುಂದಿನ ಕುಡಿಯುವ ನೀರಿನ ಯೋಜನೆಯ ಅಂದಾಜುಪಟ್ಟಿಯಲ್ಲಿ ಆ ಅಂಕಿಗಳನ್ನು ಮೊದಲ ಪುಟದಲ್ಲೇ ಬರೆಯಬೇಕು.