ಲಾಗ್ ಡಬ್ಬಿಯೊಳಗೆ ಉಳಿದದ್ದು, ಅಳಿದದ್ದು

ಎರಡು ವರ್ಷದ ಹಿಂದಿನ ಮಾತು. ರಾತ್ರಿ ಎರಡೂವರೆಗೆ ಫೋನು. ಹಣ ಪಾವತಿಯ ಅಪ್ಲಿಕೇಶನ್ ನಿಂತುಹೋಗಿದೆ, ಬೇಗ ನೋಡು ಅಂತ. ಕಣ್ಣುಜ್ಜಿಕೊಂಡು ಲ್ಯಾಪ್‌ಟಾಪ್ ತೆಗೆದು ಲಾಗ್ ನೋಡಿದರೆ ಮೊದಲಿನಿಂದ ಕೊನೆಯವರೆಗೆ ಒಂದೇ ವಾಕ್ಯ: ಡೇಟಾಬೇಸ್ ಸಂಪರ್ಕ ಸಿಗಲಿಲ್ಲ, ಡೇಟಾಬೇಸ್ ಸಂಪರ್ಕ ಸಿಗಲಿಲ್ಲ... ಇದ್ದುದರಲ್ಲಿ ಅತಿ ಹಳೆಯ ಸಾಲಿಗೂ ಇಪ್ಪತ್ತೇ ನಿಮಿಷ ವಯಸ್ಸು. ಮೊದಲು ಏನು ಕೆಟ್ಟಿತು ಅನ್ನುವ ಸಾಲು ಮಾಯ!

ಅವತ್ತು ಸಂಜೆಯಷ್ಟೇ ನನ್ನ ಪಕ್ಕದಲ್ಲಿ ಕೂರುವ ಹುಡುಗ, ಹೊಸದಾಗಿ ಸೇರಿದವನು, ಒಂದು ಸಣ್ಣ ಬದಲಾವಣೆ ಹಾಕಿದ್ದ. ಸರಿ, ತಪ್ಪು ಅವನದೇ ಅಂತ ಆಯಿತು. ಅಲ್ಲ ಅನ್ನಲು ಅವನ ಹತ್ತಿರ ಸಾಕ್ಷಿ ಇರಲಿಲ್ಲ. ಇದ್ದ ಒಂದೇ ಸಾಕ್ಷಿ ಅಳಿಸಿಹೋಗಿತ್ತು.

ನಮ್ಮ ಲಾಗ್ ಇದ್ದದ್ದು ಮೊಂಗೋಡಿಬಿಯ ಒಂದು 'ಕ್ಯಾಪ್ಡ್ ಕಲೆಕ್ಷನ್'ನಲ್ಲಿ. ಯಾರೋ ಎಂದೋ ಮಾಡಿಟ್ಟು ಕೆಲಸ ಬಿಟ್ಟು ಹೋಗಿದ್ದರು. ಯಾಕೆ ಹೀಗೆ ಮಾಡಿದರು ಅಂತ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಈ ಕಥೆ.

ಪ್ರೋಗ್ರಾಮ್ ಓಡುತ್ತಾ ತನ್ನ ಬಗ್ಗೆ ತಾನೇ ಬರೆದುಕೊಳ್ಳುವ ದಿನಚರಿಯೇ ಲಾಗ್. ಯೂನಿಕ್ಸ್ ಜಗತ್ತಿನಲ್ಲಿ ಅದಕ್ಕೊಂದು ಸಾಮಾನ್ಯ ದಾರಿ ಮಾಡಿದವನು ಎರಿಕ್ ಆಲ್ಮನ್. 1980ರ ದಶಕದಲ್ಲಿ, ಬರ್ಕ್ಲಿಯಲ್ಲಿ, ತನ್ನ ಸೆಂಡ್‌ಮೇಲ್‌ಗಾಗಿ ಅವನು ಸಿಸ್‌ಲಾಗ್ ಬರೆದ. ಎಲ್ಲರೂ ಅದನ್ನೇ ಹಿಡಿದುಕೊಂಡರು. ಅದು ಹೇಗಿದೆ ಅನ್ನುವುದನ್ನು ಅಧಿಕೃತವಾಗಿ ಬರೆದಿಟ್ಟದ್ದು ಮಾತ್ರ 2001ರಲ್ಲಿ. ಅದರ ಪ್ರಕಾರ ಒಂದು ಸಂದೇಶಕ್ಕೆ 1024 ಬೈಟ್ ಮಿತಿ. ಸಮಯದಲ್ಲಿ ತಿಂಗಳು, ದಿನ, ಗಂಟೆ ಎಲ್ಲ ಇದೆ, ಇಸವಿ ಮಾತ್ರ ಇಲ್ಲ! ನಮ್ಮಜ್ಜಿ ಊರಿನ ವಿಷಯ ಹೇಳುವ ಹಾಗೆ, ಯುಗಾದಿಯ ಮಾರನೇ ದಿನ ಅಂತ, ಯಾವ ವರ್ಷದ ಯುಗಾದಿ ಅಂತ ನಾವೇ ತಿಳಿದುಕೊಳ್ಳಬೇಕು :-)

ಅಂದರೆ ಲಾಗ್ ಇದ್ದದ್ದು ಮನುಷ್ಯ ಕೂತು ಓದಲಿಕ್ಕೆ. ಸರ್ವರ್ ಒಂದೋ ಎರಡೋ ಇದ್ದಾಗ ಅದು ಸಾಕಿತ್ತು. ಐವತ್ತು ಸರ್ವರ್ ಆದಾಗ ಯಾರು ಓದುತ್ತಾರೆ? ಟೇಬಲ್ ಮಾಡಿ ಸಾಮಾನ್ಯ ಡೇಟಾಬೇಸಿಗೆ ತುಂಬೋಣ ಅಂದರೆ ಒಂದು ಸಾಲಿನಲ್ಲಿ ಗ್ರಾಹಕರ ಸಂಖ್ಯೆ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ, ಮೂರನೆಯದರಲ್ಲಿ ನಲವತ್ತು ಸಾಲಿನ ಎಕ್ಸೆಪ್ಶನ್. ಕಾಲಂ ಸೇರಿಸಿ ಸೇರಿಸಿ ಸುಸ್ತು.

2007ರಲ್ಲಿ ಹುಟ್ಟಿದ ಟೆನ್‌ಜೆನ್ ಎಂಬ ಕಂಪನಿ 2009ರಲ್ಲಿ ಮೊಂಗೋಡಿಬಿಯನ್ನು ಮುಕ್ತವಾಗಿ ಬಿಟ್ಟದ್ದು ಈ ಹೊತ್ತಿಗೆ. ಟೇಬಲ್ ಇಲ್ಲ, ಡಾಕ್ಯುಮೆಂಟ್ ಇದೆ. ಪ್ರತಿ ಡಾಕ್ಯುಮೆಂಟಿನಲ್ಲೂ ಬೇಕಾದ ಫೀಲ್ಡ್ ಇಟ್ಟುಕೊಳ್ಳಿ. ಲಾಗ್‌ಗೆ ಇದು ಚೆನ್ನಾಗಿ ಒಗ್ಗುತ್ತದೆ ಅಂತ ಅದನ್ನು ಮಾಡಿದವರೇ ಹೇಳುತ್ತಿದ್ದರು. ಅವರ ಕೈಪಿಡಿಯಲ್ಲಿ ಇದಕ್ಕೆ ಬಳಸಿದ್ದು ಅಪಾಚೆಯವರ ಪ್ರಸಿದ್ಧ ಉದಾಹರಣೆಯನ್ನೇ: ಫ್ರಾಂಕ್ ಎಂಬ ಬಳಕೆದಾರ 10 ಅಕ್ಟೋಬರ್ 2000ದಂದು ಒಂದು ಚಿತ್ರ ಕೇಳಿದ, ಸಿಕ್ಕಿತು, 2326 ಬೈಟ್. ಈ ಸಾಲನ್ನು ಬಿಡಿಸಿ ವಿಳಾಸ, ಹೆಸರು, ಸಮಯ, ದಾರಿ ಅಂತ ಬೇರೆ ಬೇರೆ ಫೀಲ್ಡ್ ಮಾಡಬೇಕು. ಅಕ್ಷರಗಳಲ್ಲಿ ಬರೆದರೆ ಆ ಸಮಯಕ್ಕೆ 26 ಅಕ್ಷರ ಬೇಕು, ದಿನಾಂಕವಾಗಿ ಇಟ್ಟರೆ 8 ಬೈಟ್. ಇಂಥ ಎರಡು ಸಮಯದ ನಡುವೆ ಫ್ರಾಂಕ್ ಏನೇನು ಮಾಡಿದ ಅಂತ ಕೇಳಲೂಬಹುದು. ಓದುವ ವಾಕ್ಯ ಪ್ರಶ್ನೆ ಕೇಳಬಹುದಾದ ದಾಖಲೆ ಆಯಿತು. ನನಗೆ ಈ ಇಡೀ ಕಥೆಯಲ್ಲಿ ಅತಿ ದೊಡ್ಡ ಹೆಜ್ಜೆ ಅನಿಸುವುದು ಇದೇ.

ಪುಕ್ಕಟೆ ಏನೂ ಅಲ್ಲ ಬಿಡಿ. ಫೀಲ್ಡಿನ ಹೆಸರೂ ಪ್ರತಿ ಡಾಕ್ಯುಮೆಂಟಿನಲ್ಲಿ ಮತ್ತೆ ಮತ್ತೆ ಕೂರುತ್ತದೆ. ಜಾಗ ಉಳಿಸಲು ಜನ ಹೆಸರನ್ನು ಒಂದೇ ಅಕ್ಷರಕ್ಕೆ ಇಳಿಸುತ್ತಿದ್ದರು. 2015ರಲ್ಲಿ ವೈರ್ಡ್‌ಟೈಗರ್ ಬಂದು ಒತ್ತಿ ಚಿಕ್ಕದು ಮಾಡುವ ತನಕ ಇದೇ ಗೋಳು.

ಆದರೆ ವೇಗ? ಅದರ ಗುಟ್ಟು ಬೇರೆಯೇ. ಆಗ ಪ್ರೋಗ್ರಾಮ್ ಡಾಕ್ಯುಮೆಂಟನ್ನು ಎಸೆದು ಮುಂದೆ ಹೋಗಿಬಿಡುತ್ತಿತ್ತು; ಸೇರಿತೋ ಇಲ್ಲವೋ ಅಂತ ತಿರುಗಿ ನೋಡುತ್ತಿರಲಿಲ್ಲ. ಕೇಳದೇ ಇದ್ದರೆ ಇದೇ ರೂಢಿ. 2012ರ ನವೆಂಬರ್‌ನಲ್ಲಷ್ಟೇ ಅದನ್ನು ಬದಲಾಯಿಸಿದರು. ಲಾಗ್ ತಾನೇ, ಒಂದೆರಡು ಸಾಲು ಹೋದರೆ ಏನು ಅನ್ನುವುದು ಆಗಿನ ವಾದ. ಆದರೆ ಕಳೆದುಹೋಗುವ ಸಾಲುಗಳು ಸಮಾನವಾಗಿ ಹಂಚಿ ಹೋಗುವುದಿಲ್ಲವಲ್ಲ! ಸರ್ವರ್ ಬೀಳುವ ಗಳಿಗೆಯ ಸಾಲುಗಳೇ ಹೋಗುತ್ತವೆ.

ಕ್ಯಾಪ್ಡ್ ಕಲೆಕ್ಷನ್ನೂ ಆ ಕಾಲದ್ದೇ. ಅದರ ಗಾತ್ರ ಮೊದಲೇ ನಿಗದಿ. ತುಂಬಿದ ಮೇಲೆ ಹೊಸದು ಬಂದಂತೆ ಹಳೆಯದು ತಾನೇ ಅಳಿಯುತ್ತದೆ. ಕಂಪ್ಯೂಟರ್ ಫೈಲಿಗೆ ನಾವು ಕಡತ ಅನ್ನುತ್ತೇವಲ್ಲ, ಹಿಂದಿನ ವರ್ತಕರ ಕಡತ ಅಂದರೆ ಕಪ್ಪು ಬಳಿದು ಮಡಿಸಿದ ಬಟ್ಟೆ. ಬಳಪದಿಂದ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ಇದೂ ಹಾಗೆಯೇ, ಆದರೆ ಯಾವುದನ್ನು ಒರೆಸಬೇಕು ಅಂತ ವರ್ತಕನಿಗೆ ಗೊತ್ತಿತ್ತು. ಇದಕ್ಕೆ ಗೊತ್ತಿಲ್ಲ. ತೊಂದರೆ ಬಂದಾಗ ಲಾಗ್ ನೂರು ಪಟ್ಟು ಹೆಚ್ಚುತ್ತದೆ, ತೊಂದರೆಯ ಕೂಗೇ ತೊಂದರೆಯ ಕಾರಣವನ್ನು ಅಳಿಸಿಹಾಕುತ್ತದೆ. ಆ ರಾತ್ರಿ ನಡೆದದ್ದು ಇದೇ.

ಇನ್ನೊಂದು ಕವಲೂ ಇದೆ. ಜರ್ಮನಿಯ ಲೆನಾರ್ಟ್ ಕೂಪ್‌ಮನ್ ಶುರುಮಾಡಿದ ಗ್ರೇಲಾಗ್ ಮೊದಲಿಗೆ ಸಂದೇಶಗಳನ್ನು ಮೊಂಗೋಡಿಬಿಯಲ್ಲೇ ಇಡುತ್ತಿತ್ತು. ಆದರೆ ಲಾಗ್ ನೋಡುವವರು ಹೆಚ್ಚಾಗಿ ಕೇಳುವುದು 'ಈ ಪದ ಎಲ್ಲಿದೆ' ಅಂತ. ಆಗಿನ ಮೊಂಗೋಡಿಬಿಗೆ ಪದ ಹುಡುಕುವುದು ಕಷ್ಟ. ಅದಕ್ಕೆ ಬೇಕಾದ ಟೆಕ್ಸ್ಟ್ ಇಂಡೆಕ್ಸ್ ಪರೀಕ್ಷೆಗೆ ಬಂದದ್ದೇ 2013ರಲ್ಲಿ. ಅಷ್ಟರಲ್ಲಿ 2010ರಲ್ಲಿ ಶೇ ಬ್ಯಾನನ್ ಇಲಾಸ್ಟಿಕ್‌ಸರ್ಚ್ ಬಿಟ್ಟಿದ್ದ. ಅದೂ ಡಾಕ್ಯುಮೆಂಟುಗಳ ಗೋದಾಮೇ, ಆದರೆ ಪುಸ್ತಕದ ಕೊನೆಯ ಪದಸೂಚಿಯ ಹಾಗೆ ಪ್ರತಿ ಪದಕ್ಕೂ ಪಟ್ಟಿ ಇಟ್ಟಿರುತ್ತದೆ. ಗ್ರೇಲಾಗ್ ಸಂದೇಶಗಳನ್ನು ಅಲ್ಲಿಗೆ ಸಾಗಿಸಿತು, ಬಳಕೆದಾರರು ಮತ್ತು ಸೆಟ್ಟಿಂಗ್ ಮಾತ್ರ ಮೊಂಗೋಡಿಬಿಯಲ್ಲಿ ಉಳಿಸಿಕೊಂಡಿತು. ಅಲ್ಲೂ ಒಂದು ತಮಾಷೆ ಇದೆ. ಫೀಲ್ಡಿಗೆ ಮೊದಲು ಸಂಖ್ಯೆ ಬಂದರೆ ಇಲಾಸ್ಟಿಕ್‌ಸರ್ಚ್ ಅದನ್ನು ಸಂಖ್ಯೆ ಅಂತಲೇ ನಂಬಿಬಿಡುತ್ತದೆ. ಆಮೇಲೆ ಅಲ್ಲಿಗೆ ಅಕ್ಷರ ಬಂದರೆ ಇಡೀ ಡಾಕ್ಯುಮೆಂಟನ್ನೇ ತಿರಸ್ಕರಿಸುತ್ತದೆ. ಬಾಗಿಲಿನಿಂದ ಓಡಿಸಿದ ಟೇಬಲ್ ಕಾಲಂ ಕಿಟಕಿಯಿಂದ ಬಂದ ಹಾಗೆ.

ನಮ್ಮ ಕಡೆ ಅಷ್ಟೆಲ್ಲ ಬದಲಾಯಿಸಲು ಯಾರೂ ಬಿಡಲಿಲ್ಲ. 2012ರ 2.2 ಆವೃತ್ತಿಯಿಂದ ಮೊಂಗೋಡಿಬಿಯಲ್ಲಿ ಇನ್ನೊಂದು ದಾರಿ ಇದೆ, ಟಿಟಿಎಲ್ ಇಂಡೆಕ್ಸ್. ಅದು ಗಾತ್ರ ನೋಡಿ ಅಳಿಸುವುದಿಲ್ಲ, ವಯಸ್ಸು ನೋಡಿ ಅಳಿಸುತ್ತದೆ. ಕ್ಯಾಪ್ಡ್ ಕಲೆಕ್ಷನ್ ಬಿಟ್ಟು ಸಾಮಾನ್ಯ ಕಲೆಕ್ಷನ್ ಮಾಡಿ 30 ದಿನ ಅಂತ ಕೊಟ್ಟೆ. ಡಿಸ್ಕ್ ತುಂಬಿದರೆ ಗತಿ ಏನು ಅಂತ ಬೈಗುಳ ತಿಂದೆ. ಅದೂ ನಿಜವೇ, ಈಗ ಡಿಸ್ಕಿನ ಮೇಲೆ ಒಂದು ಕಣ್ಣಿಟ್ಟಿರಬೇಕು.

ನಾಲ್ಕು ತಿಂಗಳ ಮೇಲೆ ಅಪ್ಲಿಕೇಶನ್ ಅದೇ ಹೊತ್ತಿಗೆ, ಅದೇ ರೀತಿ ಮತ್ತೆ ನಿಂತಿತು. ಈ ಸಲ ಲಕ್ಷಾಂತರ ಸಾಲುಗಳ ಹಿಂದೆ ಮೊದಲ ಸಾಲು ಹಾಗೇ ಇತ್ತು: ರಾತ್ರಿಯ ವರದಿ ತಯಾರಿಸುವ ಹಳೆಯ ಪ್ರೋಗ್ರಾಮ್ ಡೇಟಾಬೇಸಿನ ಸಂಪರ್ಕಗಳನ್ನೆಲ್ಲ ಹಿಡಿದು ಕೂತಿತ್ತು. ಹುಡುಗನ ಬದಲಾವಣೆಗೂ ಅದಕ್ಕೂ ಸಂಬಂಧವೇ ಇಲ್ಲ. ಅವನು ಅಷ್ಟರಲ್ಲಿ ಬೇರೆ ಕಡೆ ಸೇರಿದ್ದ. ಫೋನ್ ಮಾಡಿ ಆ ಸಾಲನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಸವಿ ಸಮೇತ ಇದೆಯಾ?" ಅಂತ ಕೇಳಿದ.